ಎರಡನೇ ಶುಕ್ರವಾರದ ಮೀನೂಟ

ಇದನ್ನು ಹೇಳಲು ನಾನು ತಕ್ಕವಳೇ ಎಂಬ ಅನುಮಾನ ನನಗೇ ಇದೆ. ಸಂಜೆ ಕಾಲೇಜಿನಲ್ಲಿ ಒಂದು ಚಳಿಗಾಲ ವೆಬ್‌ಸೈಟ್ ನೋಡಿಕೊಳ್ಳುವುದನ್ನು ಕಲಿತದ್ದು ಬಿಟ್ಟರೆ ನನ್ನಲ್ಲಿ ಬೇರೆ ವಿದ್ಯೆಯಿಲ್ಲ. ತಪ್ಪಿದ್ದರೆ ಬಲ್ಲವರು ಕ್ಷಮಿಸಬೇಕು.

ವಿಸ್ಕಾನ್ಸಿನ್‌ನ ನಮ್ಮ ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳದವರು ಯಾರೂ ಇಲ್ಲ; ಬೆಂಕಿ ಬಿದ್ದರೆ ಊರಿನವರೇ ಓಡಬೇಕು. ದಳದ ಹಾಲ್‌ನಲ್ಲಿ ಪ್ರತಿ ತಿಂಗಳ ಎರಡನೇ ಶುಕ್ರವಾರ ಮೀನೂಟ: ಕರಿದ ಮೀನು, ಆಲೂಗಡ್ಡೆ, ಹಸಿ ಕೋಸಿನ ಸಲಾಡ್, ರೈ ಬ್ರೆಡ್. ಅಡುಗೆಮನೆಗೆ ಬರ್ನೀಸ್ ಜಾಡಿನ್ ಯಜಮಾನಿ. ಗಂಡ ತೀರಿಕೊಂಡ ಮೇಲೆ ಅವರು ನಗುವುದನ್ನು ನಾನು ಕಂಡದ್ದು ಆ ಒಲೆಯ ಮುಂದೆ ಮಾತ್ರ. ಆದರೆ ಊಟಕ್ಕೆ ಬರುವವರು ಕಡಿಮೆಯಾಗುತ್ತಿದ್ದರು. ಅಕ್ಟೋಬರಿನಲ್ಲೂ ಹಾಲ್ ತುಂಬದಿದ್ದರೆ ಅಡುಗೆಮನೆ ಮುಚ್ಚುವುದೆಂದು ಸಮಿತಿ ತೀರ್ಮಾನಿಸಿತು. ಸೂಚಿಸಿದವರು ಕಾರ್ಯದರ್ಶಿ ವರ್ನ್ ಮಸ್ಸಾರ್.

ವರ್ನ್ ನ್ಯಾಯವಂತರು. "ಜನರಿಗೆ ತಿಳಿಸದೇ ಮುಚ್ಚಿಬಿಟ್ರು ಅನ್ನೋ ಮಾತು ನಂಗೆ ಬೇಡ," ಎಂದು ತಾವೇ ಕೂತು, ಊಟದ ದಿನ ಬೆಳಿಗ್ಗೆ ಸದಸ್ಯರಿಗೆಲ್ಲ ಇಮೇಲ್ ಹೋಗುವಂತೆ ನಮ್ಮ ವೆಬ್‌ಸೈಟಿನ ಸರ್ವರ್‌ಗೆ ಕೆಲಸ ಒಪ್ಪಿಸಿದರು. ಅಲ್ಲಿ ವೇಳೆ, ತಾರೀಖು, ತಿಂಗಳು, ವಾರ ಎಂದು ತುಂಬುವ ಜಾಗಗಳಿರುತ್ತವೆ. ಎರಡನೇ ಶುಕ್ರವಾರ ಎಂಟರಿಂದ ಹದಿನಾಲ್ಕನೇ ತಾರೀಖಿನೊಳಗೇ ಬೀಳಬೇಕಲ್ಲ? ಅದಕ್ಕೆ ತಾರೀಖಿನ ಜಾಗದಲ್ಲಿ ಎಂಟರಿಂದ ಹದಿನಾಲ್ಕು, ವಾರದ ಜಾಗದಲ್ಲಿ ಶುಕ್ರವಾರ. ದಳದ ವೆಬ್‌ಸೈಟ್ ನೋಡಿಕೊಳ್ಳುವವಳೆಂದು ನನಗೂ ತೋರಿಸಿದರು. ನನಗೂ ಸರಿಯಾಗಿಯೇ ಕಂಡಿತು.

ಮೊದಲನೇ ಶುಕ್ರವಾರವೇ ಇಮೇಲ್ ಹೋಯಿತು: "ಇಂದು ಸಂಜೆ ಮೀನೂಟ. ತಪ್ಪದೆ ಬನ್ನಿ. ಇಂತು, ವರ್ನ್." ಬಂದ ಕೆಲವರು ಬೀಗ ನೋಡಿ ಬೈದುಕೊಂಡು ಹೋದರು. ಎಂಟನೇ ತಾರೀಖು ಮಂಗಳವಾರ. ಅಂದು ಮತ್ತೆ ಹೋಯಿತು. ಬುಧವಾರವೂ ಹೋಯಿತು.

"ಏನ್ ವರ್ನ್, ಇವತ್ತೂ ಮೀನಾ? ನಮ್ಮನ್ನೇನು ಬೆಕ್ಕು ಅಂದ್ಕೊಂಡಿದ್ದೀಯಾ?" ಎಂದು ಕ್ಷೌರದಂಗಡಿಯಲ್ಲಿ ಯಾರೋ ಕೂಗಿದರಂತೆ.

"ಸದ್ಯಕ್ಕೆ ಅದನ್ನ ತೆಗೆದುಬಿಡೋಣವಾ?" ಎಂದು ಅಳುಕುತ್ತಲೇ ಕೇಳಿದೆ.

"ಸರಿಯಾಗಿರೋದನ್ನ ಯಾಕಮ್ಮ ತೆಗೀಬೇಕು? ತಪ್ಪು ಅವರದ್ದು!" ನಮಗೆ ಸರ್ವರ್ ಬಾಡಿಗೆಗೆ ಕೊಟ್ಟಿದ್ದ ಕಂಪನಿಗೆ ವರ್ನ್ ಖಾರವಾಗಿ ಬರೆದರು. ಗುರುವಾರವೂ ಇಮೇಲ್ ಹೋಯಿತು.

ಶುಕ್ರವಾರ ಸಂಜೆ ಹಾಲ್‌ನ ಹೊರಗೆ ಸಾಲು ನಿಂತಿತ್ತು. ಕೆಲವರು ಊಟಕ್ಕೆಂದೇ ಬಂದಿದ್ದರು. ಹಲವರು ವರ್ನ್‌ಗೆ ಮುಖಾಮುಖಿಯಾಗಿ ನಾಲ್ಕು ಮಾತು ಹೇಳಲು ಬಂದವರು. ಕರಿದ ಮೀನಿನ ವಾಸನೆ ಅವರನ್ನೂ ಕೂರಿಸಿತು. ಬಡಿಸಲು ಕೈ ಸಾಲದೆ ಬರ್ನೀಸ್ ಕೂಗಿದರು: "ಏ ವರ್ನ್, ಸುಮ್ನೆ ನಿಂತ್ಕೋಬೇಡ, ತಟ್ಟೆ ಹಿಡಿ! ಎಲ್ಲಾ ನೀನೇ ಕರೆದ ಜನ!"

ಅಷ್ಟರಲ್ಲಿ ಕಂಪನಿಯ ಉತ್ತರ ಬಂತು. ತಟ್ಟೆ ಹೊತ್ತು ಓಡಾಡುತ್ತಿದ್ದ ವರ್ನ್ ಹಿಂದೆಯೇ ನಡೆದು ಓದಿದೆ: ತಾರೀಖು, ವಾರ ಎರಡನ್ನೂ ತುಂಬಿದರೆ ಸರ್ವರ್ ಎರಡೂ ಕೂಡಿಬರಲಿ ಎಂದು ಕಾಯುವುದಿಲ್ಲ, ಯಾವುದಾದರೊಂದು ಹೊಂದಿದರೂ ಕೆಲಸ ಮಾಡುತ್ತದೆ. ಅಂದರೆ ಪ್ರತಿ ಶುಕ್ರವಾರವೂ ಸೈ, ಎಂಟರಿಂದ ಹದಿನಾಲ್ಕನೇ ತಾರೀಖಿನವರೆಗೆ ಪ್ರತಿ ದಿನವೂ ಸೈ.

"ಎರಡೂ ಕೂಡಿಬರಬೇಕು ಅಂತ ಮಂಗನಿಗೂ ಗೊತ್ತಾಗುತ್ತೆ!" ಎಂದರು ವರ್ನ್.

"ಹಾಗಾದ್ರೆ ಮುಂದಿನ ಸಲ ಮಂಗನಿಗೇ ಹೇಳಪ್ಪ," ಎಂದರು ಬರ್ನೀಸ್.

ಊಟ ಮುಗಿದ ಮೇಲೆ ಸಮಿತಿ ಅಲ್ಲೇ ಸೇರಿತು. ಹಾಲ್ ತುಂಬಿದ್ದನ್ನು ಇಲ್ಲವೆನ್ನುವಂತಿರಲಿಲ್ಲ. ಅಡುಗೆಮನೆ ಉಳಿಯಲಿ ಎಂದು ಮೊದಲು ಕೈ ಎತ್ತಿದವರು ವರ್ನ್; ಮಾತಿಗೆ ತಪ್ಪುವವರಲ್ಲ. ಆದರೆ ಹಾಲ್ ತುಂಬಬೇಕೆಂಬ ಷರತ್ತು ಮುಂದಿನ ತಿಂಗಳಿಗೂ ಇರಲಿ ಎಂದರು.

ಆ ರಾತ್ರಿಯೇ ನಾನು ತಪ್ಪು ತಿದ್ದಿದೆ. ಈಗ ಸರ್ವರ್ ಶುಕ್ರವಾರ ಮಾತ್ರ ಎದ್ದು, ತಾರೀಖು ನೋಡಿ, ಎರಡನೆಯದಾದರಷ್ಟೇ ಇಮೇಲ್ ಕಳಿಸುತ್ತದೆ. "ಕೆಟ್ಟಿದ್ದಾಗಲೇ ಚೆನ್ನಾಗಿತ್ತು ಕಣೇ," ಎಂದ ಬರ್ನೀಸ್ ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ತಿದ್ದಬಾರದಿತ್ತೇ ಎಂದು ಈಗಲೂ ಅನ್ನಿಸುತ್ತದೆ.

ಜನ ಬಂದದ್ದು ಮೀನಿಗೋ ವರ್ನ್‌ರನ್ನು ಬೈಯಲಿಕ್ಕೋ, ನನಗೆ ತಿಳಿಯದು. ನವೆಂಬರಿನಲ್ಲಿ ಒಂದೇ ಇಮೇಲ್ ಹೋಗುತ್ತದೆ. ಎಷ್ಟು ಜನ ಬರುತ್ತಾರೋ, ಅದೂ ತಿಳಿಯದು.