ಬೀಳಲು ಬಿಡದವರು

ಶುಶ್ರೂಷೆಯ ಶ್ರೇಷ್ಠತೆಗೆ ಕೊಡುವ ಮನ್ನಣೆ ಅಮೆರಿಕದ ಟೊಲೀಡೊ ಊರಿನ ನಮ್ಮ ಆಸ್ಪತ್ರೆಗೆ ಸಲ್ಲುತ್ತದೋ ಇಲ್ಲವೋ ಎಂದು ನೋಡಲು ಪರೀಕ್ಷಕಿ ಬರುವ ದಿನ. ಹಿರಿಯ ನರ್ಸ್ ಲೊರೇನ್ ಬೆಳಗಿನಿಂದ ಒಂದು ಕಡೆ ನಿಂತಿರಲಿಲ್ಲ.

"ಮರ್ಲಾ, ಆ ಮೂಲೆ ಕೋಣೆ ಮುದುಕನ ಹತ್ರ ಮಾತ್ರ ಅವಳನ್ನ ಕರ್ಕೊಂಡು ಹೋಗ್ಬೇಡ ಕಣೇ. ಬಾಯಿಗೆ ಬಂದಿದ್ದು ಅಂದ್ಬಿಡ್ತಾನೆ," ಎಂದಳು ನನಗೆ.

ಆ ಮುದುಕ ಟೆಡ್ ಗ್ರಬೋವ್‌ಸ್ಕಿ, ನಿವೃತ್ತ ಬಸ್ ಚಾಲಕ. ನ್ಯುಮೋನಿಯಾದಿಂದ ಕಾಲಲ್ಲಿ ಕಸುವಿರಲಿಲ್ಲ, ಆದರೂ ಒಬ್ಬನೇ ಎದ್ದು ಹೋಗುವ ಹಟ. ಕರೆಗಂಟೆ ಮುಟ್ಟುತ್ತಿರಲಿಲ್ಲ. ಇಂಥವರೇ ಹಿಂದೆ ನಮ್ಮ ವಾರ್ಡಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿದ್ದರು. ಮನ್ನಣೆ ಬೇಕಾದರೆ ವಾರ್ಡಿನ ವಿಷಯದಲ್ಲಿ ನರ್ಸ್‌ಗಳ ಮಾತೂ ನಡೆಯಬೇಕು ಎಂದಾದಾಗಲೇ ಇದಕ್ಕೇನು ಮಾಡೋಣ ಎಂದು ಮೇಲಿನವರು ನಮ್ಮನ್ನು ಕೇಳಿದ್ದು. ರೋಗಿ ಕರೆಯುವ ತನಕ ಕಾಯುವುದು ಬೇಡ, ಆಗಾಗ ನಾವೇ ಹೋಗಿ ವಿಚಾರಿಸೋಣ, ಅದಕ್ಕೆ ಇನ್ನಷ್ಟು ಜನ ಕೊಡಿ ಎಂದೆವು. ಗೊಣಗುತ್ತಲೇ ಕೊಟ್ಟರು. ಬೀಳುವವರು ಅಪರೂಪವಾದರು.

ಪರೀಕ್ಷಕಿ ಒಡೆಟ್ ಸಿಮ್ಸ್ ಆ ಕೋಣೆ ದಾಟುವಷ್ಟರಲ್ಲಿ ಟೆಡ್ಡೇ ಕೂಗಿದ: "ಏನ್ರೀ, ನನ್ನ ಕೇಳೋದಿಲ್ವಾ?"

ಒಡೆಟ್ ನಗುತ್ತ ಒಳಗೆ ಹೋದಳು. "ಹೇಳಿ ಯಜಮಾನ್ರೇ, ಹೇಗೆ ನೋಡ್ಕೋತಾರೆ?"

"ಉಚ್ಚೆ ಬಂತಾ, ಉಚ್ಚೆ ಬಂತಾ ಅಂತ ಜೀವ ತಿಂತಾರೆ ತಾಯಿ! ನಾನೇನು ಮಗುವಾ?"

ಲೊರೇನಳ ಮುಖ ಸುಟ್ಟ ಬದನೆಕಾಯಿಯಂತಾಯಿತು.

"ಇಲ್ಲಿಗೆ ಬಂದ್ಮೇಲೆ ಎಲ್ಲಾದ್ರೂ ಬಿದ್ರಾ?"

"ಬೀಳೋಕೆ ಬಿಡ್ಬೇಕಲ್ಲ ಇವ್ರು!"

ಎಲ್ಲರೂ ನಕ್ಕೆವು. ಟೆಡ್ ಮಾತ್ರ ನಗದೆ ಹೊದಿಕೆಯ ಅಂಚು ಹಿಡಿದುಕೊಂಡ. "ನನ್ನ ಹೆಂಡ್ತಿ ಐರೀನ್ ಬೇರೆ ಆಸ್ಪತ್ರೇಲಿದ್ಲು. ಗಂಟೆ ಒತ್ತಿದ್ಲು, ಒತ್ತಿದ್ಲು. ಯಾರೂ ಬರ್ಲಿಲ್ಲ. ತಾನೇ ಎದ್ಲು, ಬಿದ್ಲು. ಮನೆಗೆ ವಾಪಸ್ ಬರ್ಲೇ ಇಲ್ಲ."

ಹಟವೆಂದು ನಾನು ದಿನವೂ ಬೈದುಕೊಂಡಿದ್ದು ಹಟವಾಗಿರಲಿಲ್ಲ. ಅವನಿಗೆ ಆ ಗಂಟೆಯ ಮೇಲೆ ನಂಬಿಕೆಯೇ ಇರಲಿಲ್ಲ. ನಾನು ಅವನ ಪಕ್ಕ ಕುಳಿತೆ. "ನಾನು ಕರೀದೆನೇ ಬರ್ತೀನಿ ಟೆಡ್. ನೀವು ಬೈತಾ ಇರಿ," ಎಂದೆ.

"ಅದಕ್ಕೇನು ಕಡಿಮೆ ಮಾಡಲ್ಲ," ಎಂದ.

ವಸಂತದಲ್ಲಿ ಮನ್ನಣೆ ಬಂತು. ಕೇಕ್ ಕತ್ತರಿಸುವಾಗ ಲೊರೇನ್ ಅತ್ತೂ ಅತ್ತು ಮೂಗು ಕೆಂಪಗೆ ಮಾಡಿಕೊಂಡಳು. ಟೆಡ್ ಅಷ್ಟರಲ್ಲಿ ಮನೆ ಸೇರಿ ಬಹಳ ದಿನವಾಗಿತ್ತು, ಅದೂ ತನ್ನ ಕಾಲ ಮೇಲೆಯೇ. ಕಾರಿನ ತನಕ ಅವನ ತೋಳು ಹಿಡಿದು ಹೋದವಳು ಲೊರೇನ್. ಊರಿನ ಬೇಸ್‌ಬಾಲ್ ತಂಡ ಈ ಸಲ ಗೆಲ್ಲುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರಂತೆ.