ಮರಿಯಮಬಿಯ ಗುರುತುಗಳು

ಬಾಗಿಲಲ್ಲಿ ಉದುರಿದ್ದ ಹೂವಿನ ಎಸಳುಗಳನ್ನು ಸುಹಾನಾ ಗುಡಿಸುತ್ತಿದ್ದಾಗ ಲಾಲಬಿ ಏದುಸಿರು ಬಿಡುತ್ತ ಬಂದಳು. ತೀರಿಕೊಂಡಿದ್ದ ಸುಹಾನಾಳ ಅತ್ತೆ ಮರಿಯಮಬಿಗೆ ಇವಳು ಒಬ್ಬಳೇ ತಂಗಿ. ತಿಳವಳ್ಳಿಯಿಂದ ಹೊರಟ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತ್ತು.

“ಒಯ್ದ್ರೇನು?”

“ಅರ್ಧಾ ತಾಸಾತು, ಖಾಲಾ. ನಮ್ಮನಿಯವರು ನಿಮ್ಮ ದಾರಿ ನೋಡಿದ್ರು. ಇನ್ನ ಇಡಬಾರದು ಅಂದ್ರು ಹಿರ್ಯಾರು.”

ಲಾಲಬಿ ಹೊಸ್ತಿಲ ಮೇಲೆಯೇ ಕುಸಿದಳು. ತನ್ನ ಮಗನ ನಿಕಾಹದ ಮಾತಿನಲ್ಲಿ ಅಕ್ಕನೊಡನೆ ಮುನಿಸಿಕೊಂಡು ಎರಡು ವರ್ಷ ಸವಣೂರಿನ ಕಡೆ ತಲೆ ಹಾಕಿರಲಿಲ್ಲ.

“ಮಾರಿನೂ ನೋಡಲಿಲ್ಲ, ದನಿನೂ ಕೇಳಲಿಲ್ಲ,” ಎಂದಳು.

ಸುಹಾನಾಳ ಕೈಯಲ್ಲಿದ್ದ ಕಸಬರಿಗೆ ನಿಂತಿತು.

*

ಅತ್ತೆ ಇನ್ನೂ ಇದ್ದಾಗಿನ ಮಾತು. ರೈತರ ಅನುಭವದ ಮಾತುಗಳನ್ನು ಧ್ವನಿಮುದ್ರಿಸಿ ಮೊಬೈಲಿನಲ್ಲಿ ಕೇಳಿಸುವ ಸಂಸ್ಥೆಯೊಂದಕ್ಕೆ ಸುಹಾನಾ ಮನೆಯಲ್ಲೇ ಕುಳಿತು ಪರದೆಯ ವಿನ್ಯಾಸ ಮಾಡುತ್ತಿದ್ದಳು. ಒಂದು ತಾಸಿನ ಮಾತಿನಲ್ಲಿ ಬೇಕಾದ ತುಣುಕು ಥಟ್ಟನೆ ಸಿಗುವಂತಿರಬೇಕು. ಮೊದಲು ಉದ್ದಕ್ಕೊಂದು ಗೆರೆ ಎಳೆದು ನಿಮಿಷಗಳನ್ನು ಬರೆದಳು. ಕೌದಿ ಹೊಲಿಯುತ್ತಿದ್ದ ಅತ್ತೆಗೆ ತೋರಿಸಿದಳು. ಮರಿಯಮಬಿಗೆ ಓದು ಬರುತ್ತಿರಲಿಲ್ಲ.

“ಬರೇ ದಾರಿ ಐತಿ, ಊರ ಇಲ್ಲಲ್ಲವ್ವಾ! ಹಾನಗಲ್ಲಿಗೆ ಹೋಗುವಾಗ ನಾ ಏನ್ ಬೋರ್ಡ್ ಓದತೇನೇನು? ಕೆರಿ ಬಂತು, ಬೇವಿನ ಗಿಡ ಬಂತು, ಇಳೀತೇನಿ.”

ಸುಹಾನಾ ಗೆರೆ ಅಳಿಸಿದಳು. ಅತ್ತೆಯನ್ನೇ ಒಂದು ತಾಸು ಮಾತಾಡಿಸಿ ಧ್ವನಿಮುದ್ರಿಸಿಕೊಂಡು, ಯಾವ ಮಾತಿಗೆ ಯಾವ ಗುರುತು ಎಂದು ಅವಳನ್ನೇ ಕೇಳಿ ಚಿತ್ರ ಬರೆದಳು; ಚಿತ್ರ ಒತ್ತಿದರೆ ಆ ಮಾತು ಕೇಳಿಸುತ್ತಿತ್ತು. ಹುಂಜವನ್ನಂತೂ ಮರಿಯಮಬಿ ಮೂರು ಸಲ ತಿದ್ದಿಸಿದಳು. “ಇದು ಹುಂಜಲ್ಲ. ನಿನ್ನ ಗಂಡ ಹಸದಾಗ ಹಿಂಗ ಕಾಣತಾನ.”

*

ಲಾಲಬಿಯನ್ನು ಒಳಗೆ ಕೂರಿಸಿ ಸುಹಾನಾ ಫೋನು ತಂದು, ಸಾವಿನ ಮನೆಯಲ್ಲಿ ಹಚ್ಚಬಹುದೇ ಎಂಬಂತೆ ಪಕ್ಕದ ಮನೆಯ ಹಿರಿಯಳಾದ ಮುನವ್ವರಾಳ ಮುಖ ನೋಡಿದಳು.

“ಹಚ್ಚವ್ವಾ,” ಎಂದಳು ಮುನವ್ವರಾ. “ಮೆಲ್ಲಕ ಹಚ್ಚು.”

ಲಾಲಬಿಗೂ ಅಕ್ಷರ ಬರುತ್ತಿರಲಿಲ್ಲ. ಆದರೂ ಸುಹಾನಾ ಏನೂ ಹೇಳಿಕೊಡದೆ ಫೋನನ್ನು ಅವಳ ಮುಂದೆ ಹಿಡಿದಳು. ಲಾಲಬಿಯ ಬೆರಳು ಹುಂಜವನ್ನು ದಾಟಿತು, ಕೌದಿಯನ್ನು ದಾಟಿತು, ಹಳ್ಳದ ಚಿತ್ರವೊಂದರ ಮೇಲೆ ನಿಂತಿತು. ನೀರಿನಲ್ಲಿ ಒಬ್ಬ ಹುಡುಗಿ, ಅವಳ ಬೆನ್ನ ಮೇಲೆ ಇನ್ನೊಂದು ಸಣ್ಣದು. ಲಾಲಬಿ ಒತ್ತಿದಳು.

“ಲಾಲೀನ ಬೆನ್ನ ಮ್ಯಾಲ ಹೊತ್ತು ಹಳ್ಳ ದಾಟಸ್ತಿದ್ದೆ,” ಎಂದಿತು ಮರಿಯಮಬಿಯ ದನಿ. “ದಂಡಿ ಮುಟ್ಟಿದ ಕೂಡ್ಲೆ, ‘ಅಕ್ಕಾ, ತಿರುಗು, ಇನ್ನೊಮ್ಮೆ’ ಅಂತಿತ್ತು. ನಾನೂ ಹುಚ್ಚಿ, ತಿರಗತಿದ್ದೆ.” ಆಮೇಲೆ ನಗು. ಉಸಿರು ಸಿಕ್ಕಿಕೊಳ್ಳುವಂಥ ದೊಡ್ಡ ನಗು.

ಲಾಲಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನಾ ಭಾರ ಇದ್ದೆ,” ಎಂದಳು. “ಭಾಳ ಭಾರ ಇದ್ದೆ.” ಮತ್ತೆ ಅದೇ ಚಿತ್ರ ಒತ್ತಿದಳು.

ಖಬರಸ್ತಾನದಿಂದ ಗಂಡಸರು ತಿರುಗಿ ಬಂದರು. ಎಲ್ಲರಿಗಿಂತ ಮುಂದಿದ್ದ ಸುಹಾನಾಳ ಗಂಡ ರಮೀಜ ಒಳಗಿನಿಂದ ತನ್ನವ್ವನ ನಗು ಕೇಳಿ ಅಂಗಳದಲ್ಲೇ ನಿಂತುಬಿಟ್ಟ. ಅವನ ಎರಡೂ ಕೈಗೆ ಮಣ್ಣು ಮೆತ್ತಿತ್ತು. ಹಿಂದಿನವರೂ ನಿಂತರು. ನಗು ಮುಗಿಯುವ ತನಕ ಯಾರೂ ಚಪ್ಪಲಿ ಬಿಡಲಿಲ್ಲ.