ನಿಮ್ಮನ್ನು ನೋಡಲೆಂದೇ ಆರುನೂರ ನಲವತ್ತು ಕಿಲೋಮೀಟರು

ಕಿಲೋಮೀಟರಿಗೆ ಮೂವತ್ತು ಸೆಂಟು ಅಂದರೆ ಕಡಿಮೆಯೇನು? ಕೂತು ಲೆಕ್ಕ ಹಾಕಿ ನೋಡಿದವರಿಗೆ ಗೊತ್ತು. ಸುನಿಲಕುಮಾರ ಕೂತು ಲೆಕ್ಕ ಹಾಕಿದ್ದ. ಅವನು ಕೆಲಸ ಮಾಡುವ ಕಂಪನಿ ಇರುವುದು ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನ ಹೊರಗೆ, ಕಂಪನಿಯ ದೊಡ್ಡ ಗಿರಾಕಿಯಾದ ಒಂದು ಫ್ಯಾಕ್ಟರಿ ಇರುವುದು ಡ್ರೆಸ್ಡೆನ್‌ನಲ್ಲಿ. ಹೋಗಿ ಬರಲು ಆರುನೂರ ನಲವತ್ತು ಕಿಲೋಮೀಟರು. ಸ್ವಂತ ಕಾರಿನಲ್ಲಿ ಹೋದರೆ ಕಂಪನಿ ಕೊಡುವುದು ನೂರ ತೊಂಬತ್ತೆರಡು ಯೂರೋ, ಡೀಸೆಲ್‌ಗೆ ಹೋಗುವುದು ಐವತ್ತೈದು. ಉಳಿದ ನೂರ ಮೂವತ್ತೇಳು ಯೂರೋ ರಸ್ತೆಯ ಮೇಲೆ ಬಿದ್ದಿತ್ತು, ಆಯ್ದುಕೊಳ್ಳಲು ಯಾರೂ ಬಗ್ಗುತ್ತಿರಲಿಲ್ಲ, ಇವನು ಬಗ್ಗಿದ, ಅಷ್ಟೇ.

ಜೊತೆಯವರೆಲ್ಲ ಕಂಪನಿ ಕೊಟ್ಟ ಟಿಕೆಟ್‌ನಲ್ಲಿ ರೈಲು ಹತ್ತಿ, ಕಿಟಕಿಗೆ ತಲೆ ಆನಿಸಿ ನಿದ್ದೆ ಹೊಡೆಯುತ್ತಿದ್ದರು. ಸ್ವಂತ ಗಾಡಿ ಒಯ್ಯಬೇಕೆಂದರೆ ಮೊದಲೇ ಅರ್ಜಿ ಹಾಕಿ ಕಾರಣ ಕೊಡಬೇಕು. ಸುನಿಲಕುಮಾರ ಪ್ರತಿಸಲವೂ 'ಅಳತೆಯ ಯಂತ್ರ ಬಹಳ ಭಾರ' ಎಂದು ಬರೆಯುತ್ತಿದ್ದ. ಅದರ ತೂಕ ನಾಲ್ಕು ಕಿಲೋ.

"ಅಲ್ರೀ, ಗಾಡಿ ಏನು ಗಾಳಿ ಕುಡದು ಓಡತೈತೇನು?" ಎಂದು ಹೆಂಡತಿ ಪವಿ ಕೇಳುತ್ತಿದ್ದಳು. "ಟೈರ್ ಯಾರ ರೊಕ್ಕ? ಸರ್ವಿಸ್ ಯಾರ ರೊಕ್ಕ? ಹನ್ನೊಂದು ವರ್ಷದ ಗಾಡಿ ಅದು, ಹಂಗs ಬಿದ್ದು ಹೋದ್ರ ಏನ್ಮಾಡ್ತೀರಿ?"

"ನಿನಗ ತಿಳೀದಿಲ್ಲ ಬಿಡು," ಎನ್ನುತ್ತಿದ್ದ ಅವನು. ಕಾರಿನ ವಿಮೆಯಲ್ಲಿಯೂ ಅವನು ಅಷ್ಟೇ ಜಾಣ. ಬೇರೆಯವರ ಗಾಡಿಗೆ ತನ್ನಿಂದಾದ ಹಾನಿಗೆ ಮಾತ್ರ ವಿಮೆ; ತನ್ನ ಗಾಡಿಗೆ ಏನಾದರೂ ಆದರೆ ದೇವರೇ ಗತಿ. ಅದರಿಂದ ವರ್ಷಕ್ಕೆ ಮುನ್ನೂರು ಯೂರೋ ಉಳಿಯುತ್ತಿತ್ತು.

ಆದರೆ ಇವನ ನಿಜವಾದ ಜಾಣತನ ಬೇರೆಯೇ ಇತ್ತು. ಡ್ರೆಸ್ಡೆನ್‌ನಲ್ಲಿ ಅವನ ತಾಯಿಯ ಕಡೆಯ ಸೋದರಮಾವ ಉಳವಪ್ಪ ಮತ್ತು ಅತ್ತೆ ಮಹಾಂತಮ್ಮ ಇದ್ದರು. ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದ ಮನುಷ್ಯ ಉಳವಪ್ಪ. ಮಕ್ಕಳಿಲ್ಲ. ಊರಿನ ಕಡೆಯವರು ಬಾಗಿಲು ತಟ್ಟಿದರೆ ಇಬ್ಬರಿಗೂ ಹಬ್ಬ. ಗಿರಾಕಿಯ ಕೆಲಸ ಮುಗಿಸಿ ಮೂರು ಗಂಟೆಗೆ ಹೊರಬಿದ್ದ ಸುನಿಲಕುಮಾರ ಏಳು ಕಿಲೋಮೀಟರು ಸುತ್ತಿ ಅವರ ಮನೆಗೆ ಹೋಗುತ್ತಿದ್ದ. ಬಾಗಿಲಲ್ಲಿ ನಿಂತೇ ಹೇಳುತ್ತಿದ್ದ:

"ಬ್ಯಾರೆ ಏನೂ ಕೆಲಸ ಇರಲಿಲ್ಲ ಮಾಮಾ. ನಿಮ್ಮನ್ನ ನೋಡಾಕಂತನs ಬಂದೆ."

ಹೀಗೆ ಒಂದೇ ಪ್ರಯಾಣ, ಎರಡು ಕಡೆ ಉಪಕಾರ. ಹೋಗಿ ಬರುವ ಆ ಸುತ್ತಿನ ಹದಿನಾಲ್ಕು ಕಿಲೋಮೀಟರನ್ನು ಮಾತ್ರ ಅವನು ಕಂಪನಿಯ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ನಾಲ್ಕು ಯೂರೋ ಇಪ್ಪತ್ತು ಸೆಂಟಿನ ಆ ಪ್ರಾಮಾಣಿಕತೆಯನ್ನು ನೆನೆದಾಗಲೆಲ್ಲ ಅವನಿಗೆ ತನ್ನ ಬಗ್ಗೆ ಹೆಮ್ಮೆ ಎನಿಸುತ್ತಿತ್ತು.

ಆರನೇ ಸಲ ಹೋದಾಗ ಎಡವಟ್ಟಾಯಿತು. ಮೇಲೆ ಮಾವನ ಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಕೆಳಗೆ ಧಡ್ ಎಂದು ಸಪ್ಪಳವಾಯಿತು. ಇಳಿದು ಬಂದು ನೋಡಿದರೆ ಕಾರಿನ ಎಡಗಡೆಯ ಎರಡೂ ಬಾಗಿಲು ಒಳಗೆ ಹೋಗಿದ್ದವು. ಗುದ್ದಿದ ಗಾಡಿ ಯಾವುದೋ, ಹೊಡೆದವನು ಯಾವನೋ, ಮೂಲೆ ತಿರುಗಿ ಮಾಯವಾಗಿದ್ದ. ಪೊಲೀಸರು ಬಂದು ಬರೆದುಕೊಂಡು ಹೋದರು. ಗ್ಯಾರೇಜಿನವನು ನೋಡಿ, ತಲೆ ಕೆರೆದುಕೊಂಡು, ಮೂರು ಸಾವಿರದ ನಾನೂರ ಅರವತ್ತು ಯೂರೋ ಎಂದ.

ಸುನಿಲಕುಮಾರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಕಂಪನಿಯ ನಿಯಮಗಳಲ್ಲಿ ಒಂದು ಸಾಲು ಸಿಕ್ಕಿತು: ಒಪ್ಪಿಗೆ ಪಡೆದು ಕೆಲಸಕ್ಕೆ ಒಯ್ದ ಸ್ವಂತ ಗಾಡಿಗೆ, ನೌಕರನ ತಪ್ಪಿಲ್ಲದೆ ದಾರಿಯಲ್ಲಿ ಹಾನಿಯಾದರೆ ಕಂಪನಿಯೇ ಭರಿಸುತ್ತದೆ, ದಣಿವಾರಿಸಿಕೊಳ್ಳಲು ನಿಂತದ್ದೂ ಪ್ರಯಾಣದ ಭಾಗವೇ. ಅಬ್ಬಾ, ಹೋದ ಜೀವ ಬಂತು! ಕೂಡಲೇ ಅರ್ಜಿ ಬರೆದ. ಕಂಪನಿಯ ಕೆಲಸ ಮುಗಿಸಿ, ದೂರದ ಪ್ರಯಾಣಕ್ಕೆ ಮೊದಲು ಸುರಕ್ಷತೆಯ ದೃಷ್ಟಿಯಿಂದ ಅರ್ಧ ಗಂಟೆ ವಿಶ್ರಾಂತಿಗೆ ನಿಂತಿದ್ದೆ ಎಂದು.

ಪ್ರಯಾಣದ ಖರ್ಚು ನೋಡುವ ಫ್ರೌ ಹೋಲ್ಟ್ಸರ್ ಅರ್ಜಿಯನ್ನು ಎರಡು ಸಲ ಓದಿದಳು. ನಿಂತದ್ದು ಒಂದು ಮನೆಯ ಮುಂದೆ, ಆದ್ದರಿಂದ ಆ ಮನೆಯವರಿಂದ ಒಂದು ಹೇಳಿಕೆ ಬೇಕು ಎಂದಳು. ಬಂದದ್ದು ಯಾವಾಗ, ಏತಕ್ಕೆ, ಎರಡೇ ಸಾಲು.

ಅದೇನು ದೊಡ್ಡ ಮಾತು? ಸುನಿಲಕುಮಾರ ಫೋನ್ ಮಾಡಿದ. "ಮಾಮಾ, ನಾ ಅವತ್ತ ನಿಮ್ಮನಿಗೆ ಯಾವಾಗ, ಏತಕ್ಕ ಬಂದಿದ್ದೆ ಅಂತ ನಮ್ಮ ಆಫೀಸಿನ ಫ್ರೌ ಹೋಲ್ಟ್ಸರ್ ಕೇಳ್ಯಾಳ, ಎರಡು ಸಾಲು ಬರೀರಿ."

"ಬರೀತೀನಿ ತಮ್ಮಾ, ಅದಕ್ಯಾಕ ಚಿಂತಿ?" ಎಂದ ಉಳವಪ್ಪ.

ಏನು ಬರೆಯಬೇಕೆಂದು ಇವನು ಹೇಳಲಿಲ್ಲ, ಅವನೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಜರ್ಮನ್ ಕಚೇರಿಗಳಿಗೆ ಕಾಗದ ಬರೆದು ಕೈ ಪಳಗಿದ ಉಳವಪ್ಪ ಎರಡು ಸಾಲಿಗೆ ನಿಲ್ಲುವವನೇ? ಒಂದು ಪುಟ ತುಂಬಿಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ನೇರವಾಗಿ ಫ್ರೌ ಹೋಲ್ಟ್ಸರಳಿಗೇ ಕಳಿಸಿದ.

ಅವಳು ಸುನಿಲಕುಮಾರನನ್ನು ಕರೆದು ಎದುರಿಗೆ ಕೂರಿಸಿಕೊಂಡು ಅದನ್ನು ಓದಿದಳು. 'ನನ್ನ ಅಳಿಯ ಸುನಿಲಕುಮಾರ ಈ ವರ್ಷ ಆರು ಸಲ ಡ್ರೆಸ್ಡೆನ್‌ಗೆ ಬಂದಿದ್ದಾನೆ. ಆರು ಸಲವೂ ನಮ್ಮನ್ನು ನೋಡಲಿಕ್ಕಾಗಿಯೇ ಬಂದದ್ದು. ಊರಲ್ಲಿ ತನಗೆ ಬೇರೆ ಯಾವ ಕೆಲಸವೂ ಇರಲಿಲ್ಲವೆಂದು ಪ್ರತಿಸಲವೂ ಅವನೇ ತನ್ನ ಬಾಯಿಂದ ಹೇಳಿದ್ದಾನೆ. ಅವನು ಸುಳ್ಳು ಹೇಳುವ ಹುಡುಗನಲ್ಲ. ಇಂಥ ನೌಕರ ಸಿಕ್ಕಿದ್ದು ನಿಮ್ಮ ಕಂಪನಿಯ ಪುಣ್ಯ.' ಕೆಳಗೆ ಇಬ್ಬರ ಸಹಿ, ಆರು ತಾರೀಖುಗಳು.

ಸುನಿಲಕುಮಾರ ಆ ತಾರೀಖುಗಳನ್ನು ಒಂದೊಂದಾಗಿ ಎಣಿಸಿ ನೋಡಿದ.

"ಗಿರಾಕಿಯ ಕೆಲಸವಾಗಿದೆ ಸರಿ, ಆದರೆ ಸ್ವಂತ ಗಾಡಿ ಒಯ್ದದ್ದು ಏತಕ್ಕೆ? ಒಂದೋ ಇದು ನಿಜ, ಇಲ್ಲವೇ ನಿಮ್ಮ ಅರ್ಜಿ ನಿಜ," ಎಂದಳು ಫ್ರೌ ಹೋಲ್ಟ್ಸರ್. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿರುತ್ತಿತ್ತು. "ಇದು ನಿಜವಾದರೆ ರಿಪೇರಿಯ ಹಣ ಇಲ್ಲ. ಆರು ಪ್ರಯಾಣದ ಸಾವಿರದ ನೂರ ಐವತ್ತೆರಡು ಯೂರೋ ವಾಪಸು ಕಟ್ಟಬೇಕು. ನಿಮ್ಮ ಅರ್ಜಿ ನಿಜವಾದರೆ, ಬರೆದವರೇ ತಿದ್ದಿ ಬರೆದುಕೊಡಲಿ. ಮುಂದಿನ ವಾರದ ಶುಕ್ರವಾರದವರೆಗೆ ಕಾಯುತ್ತೇನೆ."

ಮನೆಗೆ ಬಂದು ಹೇಳಿದರೆ ಪವಿ ಮೊದಲು ನಕ್ಕಳು, ಆಮೇಲೆ ಮೊತ್ತ ಕೇಳಿ ನಗು ನಿಲ್ಲಿಸಿದಳು. "ಫೋನ್ ಮಾಡಿ ಖರೆ ಹೇಳ್ರಿ."

"ಏನಂತ ಹೇಳಲಿ? ನಾ ನಿಮ್ಮನ್ನ ನೋಡಾಕ ಯಾವತ್ತೂ ಬಂದಿಲ್ಲ, ರೊಕ್ಕದ ಸಲುವಾಗಿ ಬಂದಿದ್ದೆ ಅಂತ ಹೇಳಲ್ಯಾ?"

"ಹೌದು, ಅದನ್ನs. ಫೋನಿನಾಗ ಬ್ಯಾಡ, ಹೋಗಿ ಎದುರಿಗೆ ಹೇಳ್ರಿ. ಬಾಯಿ ನಿಮ್ಮದು, ಮಾತೂ ನಿಮ್ಮದು."

ಕಾರು ಗ್ಯಾರೇಜಿನಲ್ಲಿತ್ತು. ಶನಿವಾರ ಬೆಳಿಗ್ಗೆ ಸುನಿಲಕುಮಾರ ಐವತ್ತೆಂಟು ಯೂರೋ ಕೊಟ್ಟು ರೈಲು ಹತ್ತಿದ. ಡ್ರೆಸ್ಡೆನ್‌ನಲ್ಲಿ ಅವತ್ತು ಅವನಿಗೆ ಗಿರಾಕಿಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಆ ಮನೆಗೆಂದೇ ಅವನು ಹೊರಟ ಮೊದಲ ಪ್ರಯಾಣ ಅದು, ಅದೂ ಆ ಮನೆಗೆಂದು ಎಂದೂ ಬಂದಿಲ್ಲವೆಂದು ಹೇಳಲು. ರೈಲು ಅರ್ಧ ದಾರಿಗೆ ಬಂದಾಗ ಅವನಿಗೆ ಇನ್ನೊಂದು ವಿಚಾರ ಹೊಳೆಯಿತು. ಹೇಳಿಕೆ ಕೇಳಿದ್ದು ಕಂಪನಿ; ಅಂದಮೇಲೆ ಇದೂ ಕಂಪನಿಯ ಕೆಲಸವೇ ಅಲ್ಲವೇ? ಖರ್ಚಿನ ಫಾರಂ ಬ್ಯಾಗಿನಲ್ಲೇ ಇತ್ತು. ಐವತ್ತೆಂಟು ಎಂದು ಅಂದವಾಗಿ ಬರೆದು, ಟಿಕೆಟ್ಟನ್ನು ಪಿನ್ ಹಾಕಿ ಸೇರಿಸಿದ.

ಬಾಗಿಲು ತೆಗೆದವಳು ಮಹಾಂತಮ್ಮ. ಸುನಿಲಕುಮಾರ ಬಾಯಿ ತೆರೆದ. ರೂಢಿಯ ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಒಳಗೆ ಹೋಗಿ ಕೂತು, ನೆಲ ನೋಡುತ್ತ, ಎಲ್ಲವನ್ನೂ ಹೇಳಿದ. ಆರು ಪ್ರಯಾಣ, ಮೂವತ್ತು ಸೆಂಟು, ನಾಲ್ಕು ಕಿಲೋದ ಭಾರವಾದ ಯಂತ್ರ.

"ಗೊತ್ತಿತ್ತು ಬಿಡೋ," ಎಂದಳು ಮಹಾಂತಮ್ಮ.

"ಏನು ಗೊತ್ತಿತ್ತು ಅತ್ತಿ?"

"ನೀ ಬರುವಾಗೆಲ್ಲಾ ಎದಿ ಮ್ಯಾಲ ಫ್ಯಾಕ್ಟರಿಯವರ ಚೀಟಿ ಅಂಟಿಸಿರತಿತ್ತು. ನಿನ್ನ ಹೆಸರು, ಅವತ್ತಿನ ತಾರೀಖು, ಸಂದರ್ಶಕ ಅಂತ ದೊಡ್ಡದಾಗಿ ಅಚ್ಚು. ಚೀಟಿ ಹಚ್ಚಿಕೊಂಡು ಯಾರರ ಮಾಮಾನ ಮನಿಗೆ ಬರ್ತಾರೇನೋ? ಮ್ಯಾಲ, ನಮ್ಮನ್ನ ನೋಡಾಕಂತ ಮುನ್ನೂರು ಕಿಲೋಮೀಟರ ಬಂದಾವ ಚಹಾ ಆರೋದ್ರಾಗ ಗಡಿಯಾರ ನೋಡ್ತಿದ್ದಿ. ಒಂದ ದಿನಾನೂ ಊಟಕ್ಕ ಕೂಡಲಿಲ್ಲ."

ಸುನಿಲಕುಮಾರನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಅವತ್ತು ಅಲ್ಲಿ ಏನೂ ಇರಲಿಲ್ಲ.

"ಗೊತ್ತಿದ್ರೂ ಹಂಗ್ಯಾಕ ಬರದ್ರಿ ಮಾಮಾ?"

ಉಳವಪ್ಪ ಕನ್ನಡಕ ಒರೆಸಿಕೊಂಡ. "ನೀ ಹೇಳಿದ್ದನ್ನs ಬರದೆ ತಮ್ಮಾ. ಏತಕ್ಕ ಬಂದಿದ್ದ ಅಂತ ಅವರು ಕೇಳ್ಯಾರ. ನಮ್ಮ ಹುಡುಗ ಸುಳ್ಳು ಹೇಳ್ಯಾನ ಅಂತ ಪರದೇಶದ ಆಫೀಸಿಗೆ ನಾ ಹೆಂಗ ಬರೀಲಿ? ಈಗ ನೀನs ಹೇಳಿದಿ, ಈಗ ಬರೀತೀನಿ." ಮೇಜಿನಿಂದ ಕಾಗದ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದ. "ಹಾಂ, ಹೇಳು. 'ಆರು ಸಲವೂ ಕಂಪನಿಯ ಕೆಲಸಕ್ಕೇ ಬಂದಿದ್ದ.' ಮುಂದ? 'ದಣಿವಾರಿಸಿಕೊಳ್ಳಲು ನಮ್ಮಲ್ಲಿ ನಿಂತಿದ್ದ.' ಸಾಕಲ್ಲೋ?"

"ಸಾಕು ಮಾಮಾ."

ಈ ಸಲ ನಿಜಕ್ಕೂ ಎರಡೇ ಸಾಲು. ಇಬ್ಬರೂ ಸಹಿ ಹಾಕಿದರು. ರಿಪೇರಿ, ಪ್ರಯಾಣ ಎರಡೂ ಸೇರಿ ನಾಲ್ಕೂವರೆ ಸಾವಿರ ಯೂರೋ ಬೆಲೆಯ ಆ ಕಾಗದವನ್ನು ಉಳವಪ್ಪ ಮಡಿಚಿ, ಲಕೋಟೆಗೆ ಹಾಕಿ, ಅಳಿಯನ ಕೈಗಿತ್ತ. ಸುನಿಲಕುಮಾರನಿಗೆ ಸಂತೋಷವಾಗಬೇಕಿತ್ತು. ಅಳು ಬಂದಂತಾಯಿತು. ಮರೆಮಾಚಲು ಬ್ಯಾಗು ತೆರೆದು ಲಕೋಟೆ ಒಳಗಿಡಲು ಹೋದ. ಪಿನ್ ಹಾಕಿದ ಟಿಕೆಟ್ಟು, ಫಾರಂ ಸಮೇತ, ಮೇಲೆಯೇ ಕೂತಿತ್ತು. ಮಹಾಂತಮ್ಮನ ಕಣ್ಣಿನಿಂದ ಯಾವ ಚೀಟಿ ತಪ್ಪಿಸಿಕೊಂಡಿದೆ?

"ಇವತ್ತಿನ ಟಿಕೆಟ್ ಯಾರ ರೊಕ್ಕ ಸುನಿಲ?" ಎಂದಳು. "ಕಂಪನಿದೋ, ನಿಂದೋ?"

ಐವತ್ತೆಂಟು ಯೂರೋ. ನಿಯಮದ ಪ್ರಕಾರ ಸಿಗುವುದೂ ಖಾತ್ರಿ. ಸುನಿಲಕುಮಾರ ಪಿನ್ ಕಿತ್ತ, ಫಾರಂ ಹರಿದು ನಾಲ್ಕು ಚೂರು ಮಾಡಿದ. ಎಲ್ಲಿ ಎಸೆಯಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತ.

"ನಂದs ಅತ್ತಿ."

ಮಹಾಂತಮ್ಮ ಅವನ ಕೈಯಿಂದ ಚೂರುಗಳನ್ನು ತೆಗೆದುಕೊಂಡು ಅಡುಗೆಮನೆಯ ಕಡೆ ನಡೆದಳು. ಚಹಾದ ಪಾತ್ರೆಯನ್ನು ಒಲೆಯಿಂದ ಇಳಿಸಿ ಪಕ್ಕಕ್ಕಿಟ್ಟಳು, ರೊಟ್ಟಿಯ ಹಂಚು ಇಟ್ಟಳು.

"ಹಂಗಾದ್ರ ಕೈಕಾಲು ತೊಳಕೊಂಡು ಊಟಕ್ಕ ಕೂಡು," ಎಂದು ಅಲ್ಲಿಂದಲೇ ಕೂಗಿದಳು. "ಇವತ್ತ ಬಂದಿ ನೋಡು ನಮ್ಮನಿಗೆ."